ಮೋಟರ್ ಸುಟ್ಟಿತು, ವರದಿ ವಾಪಸ್ ಬಂತು

ಪ್ರಶ್ನೆ: ನಾನು ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಎಂಜಿನಿಯರ್. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಪ್ಲೊಮಾ, ಆಮೇಲೆ ಬಿಇ. ಕೆಲಸ ಬರುತ್ತದೆ, ಬರೆಯೋದು ಬರಲ್ಲ. ಹೋದ ತಿಂಗಳು ನಮ್ಮ ಕಂಪ್ರೆಸರ್‌ನ 30 ಎಚ್‌ಪಿ ಮೋಟರ್ ಸುಟ್ಟಿತು. ಸ್ಟಾರ್-ಡೆಲ್ಟಾ ಸ್ಟಾರ್ಟರ್. ನೇಮ್‌ಪ್ಲೇಟಿನಲ್ಲಿ 40 ಆಂಪಿಯರ್ ಇದೆ, ಕರೆಂಟ್ ಜಾಸ್ತಿಯಾದರೆ ಮೋಟರ್ ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನೂ 40ಕ್ಕೇ ಇಟ್ಟಿದ್ದೆವು. ಲಾಗ್‌ಬುಕ್ಕಿನಲ್ಲಿ ಹಿಂದಿನ ಎರಡು ದಿನ 52 ಆಂಪಿಯರ್ ಅಂತ ಇದೆ, ಆದರೂ ರಿಲೇ ಟ್ರಿಪ್ ಆಗಲಿಲ್ಲ. ಬಿಚ್ಚಿ ನೋಡಿದಾಗ ವೈಂಡಿಂಗ್ (ತಾಮ್ರದ ಸುರುಳಿ) ಪೂರ್ತಿ ಒಂದೇ ಸಮ ಕಪ್ಪಾಗಿತ್ತು. ಇಂಗ್ಲಿಷಿನಲ್ಲಿ ವರದಿ ಬರೆದೆ: 'ಓವರ್‌ಲೋಡ್‌ನಿಂದ ಮೋಟರ್ ಸುಟ್ಟಿದೆ. ರಿವೈಂಡಿಂಗ್‌ಗೆ ಕಳಿಸಲಾಗಿದೆ. ಅಗತ್ಯ ಕ್ರಮ ಕೈಗೊಳ್ಳಲಾಗಿದೆ.' ಮ್ಯಾನೇಜರ್ ವಾಪಸ್ ಕಳಿಸಿದರು. ಎರಡನೇ ಸಲ ಎಐ ಸಹಾಯದಿಂದ ನಾಲ್ಕು ಪುಟ ಬರೆದೆ. ಅದೂ ವಾಪಸ್. 'ನಿನ್ನ ಇಂಗ್ಲಿಷ್ ಸರಿಯಿಲ್ಲ, ಕೋರ್ಸ್ ಸೇರ್ಕೋ' ಅಂತ ಗೆಳೆಯರು ಹೇಳುತ್ತಾರೆ. ಇನ್ನೊಂದು ಪ್ರಶ್ನೆ. ನಮ್ಮ ಫೋರ್‌ಮನ್ ಹತ್ತಿರ ಒಂದು ಹಳೇ ಡೈರಿ ಇದೆ. ಕೇಬಲ್ ಸೈಜು, ಫ್ಯೂಸು, ಅರ್ಥಿಂಗಿನ ಲೋಹದ ಪಟ್ಟಿ ಎಲ್ಲ ಅದರಲ್ಲಿ ನೋಡಿ ಹೇಳಿಬಿಡುತ್ತಾರೆ. ನಾನು ಮೊಬೈಲಿನಲ್ಲಿ ಹುಡುಕಿದರೆ ಒಂದೊಂದು ಕಡೆ ಒಂದೊಂದು ಅಂಕಿ ಸಿಗುತ್ತದೆ. ಯಾವುದನ್ನು ನಂಬಲಿ? ನಾನೂ ಡೈರಿ ಇಡಬೇಕಾ? ಆಪರೇಟರ್‌ಗಳಿಗೆ ಸೂಚನೆಯನ್ನು ಕನ್ನಡದಲ್ಲಿ ಬರೆದರೆ ತಪ್ಪಾ? ಫೋರ್‌ಮನ್ ಎಂಟು ತಿಂಗಳಲ್ಲಿ ರಿಟೈರ್ ಆಗುತ್ತಾರೆ, ಆಮೇಲೆ ಕೇಳೋಕೆ ಯಾರೂ ಇರಲ್ಲ. (ಹೆಸರು ಬೇಡ)

ಉತ್ತರ: ಮೊದಲು ತುರ್ತಿನ ಮಾತು. ರಿವೈಂಡ್ ಆದ ಮೋಟರನ್ನು ಚಾಲೂ ಮಾಡುವ ಮುಂಚೆ, ಸಪ್ಲೈ ಐಸೊಲೇಟ್ ಮಾಡಿ, ಸ್ಟಾರ್ಟರ್ ಬಾಗಿಲು ತೆಗೆದು ಓವರ್‌ಲೋಡ್ ರಿಲೇ ಎಲ್ಲಿ ಕೂತಿದೆ ನೋಡಿ. ಮೇನ್ ಕಾಂಟ್ಯಾಕ್ಟರ್‌ನ (ಮೋಟರಿಗೆ ಕರೆಂಟ್ ಕೊಡುವ ಸ್ವಿಚ್ಚಿನ) ಕೆಳಗೆ, ಮೋಟರ್‌ನ ಮೂರು ತುದಿಗಳಿಗೆ ಹೋಗುವ ದಾರಿಯಲ್ಲಿದ್ದರೆ 40ರ ಸೆಟ್ಟಿಂಗ್ ತಪ್ಪು. ಅಲ್ಲಿ ಸುಮಾರು 23 ಇರಬೇಕು. ಆ ರಿಲೇ 23ಕ್ಕೆ ಇಳಿಯದಿದ್ದರೆ ರಿಲೇಯನ್ನೇ ಬದಲಿಸಿ. ಇಂಥದೇ ಸ್ಟಾರ್ಟರ್ ಇರುವ ಬೇರೆ ಮೋಟರ್‌ಗಳಿದ್ದರೆ ಅವನ್ನೂ ನೋಡಿ.

ಕಾರಣ ಸರಳ. ಸ್ಟಾರ್-ಡೆಲ್ಟಾ ಸ್ಟಾರ್ಟರ್ ಮೋಟರನ್ನು ಸ್ಟಾರ್ ಜೋಡಣೆಯಲ್ಲಿ ಶುರು ಮಾಡಿ, ವೇಗ ಬಂದ ಮೇಲೆ ಡೆಲ್ಟಾ ಜೋಡಣೆಗೆ ಬದಲಿಸುತ್ತದೆ. ನೇಮ್‌ಪ್ಲೇಟಿನ 40 ಆಂಪಿಯರ್ ಲೈನಿನ ಕರೆಂಟು. ಡೆಲ್ಟಾದಲ್ಲಿ ಓಡುವಾಗ ಅದು ಎರಡು ವೈಂಡಿಂಗ್‌ಗಳ ನಡುವೆ ಹಂಚಿಹೋಗುತ್ತದೆ. ಒಂದೊಂದು ವೈಂಡಿಂಗಿನಲ್ಲಿ ಹರಿಯುವುದು 40 ಭಾಗಿಸು 1.732 (ಮೂರರ ವರ್ಗಮೂಲ), ಅಂದರೆ 23. ಸ್ಟಾರ್-ಡೆಲ್ಟಾ ಸ್ಟಾರ್ಟರ್‌ಗಳಲ್ಲಿ ಸಾಮಾನ್ಯವಾಗಿ ರಿಲೇಯನ್ನು ಈ ವೈಂಡಿಂಗ್ ದಾರಿಯಲ್ಲೇ ಹಾಕಿರುತ್ತಾರೆ. ನಿಮ್ಮ ಮೀಟರ್ 52 ತೋರಿಸುತ್ತಿದ್ದಾಗ ರಿಲೇಗೆ ಕಂಡಿದ್ದು ಬರೀ 30. ನಲವತ್ತಕ್ಕೆ ಕಾಯುತ್ತಿದ್ದ ರಿಲೇ ಮೂವತ್ತಕ್ಕೆ ಯಾಕೆ ಏಳುತ್ತದೆ? ಲೈನಿನಲ್ಲಿ 69 ಆಂಪಿಯರ್ ದಾಟುವ ತನಕ ಅದು ಹಾಯಾಗಿ ಮಲಗಿರುತ್ತಿತ್ತು.

ಈಗ ಒಂದು ವಿಷಯ ಗಮನಿಸಿ. ನಾನು ನಿಮ್ಮ ಕಾರ್ಖಾನೆಗೆ ಬಂದಿಲ್ಲ, ಮೋಟರ್ ನೋಡಿಲ್ಲ. ಇಷ್ಟು ಹೇಳೋಕೆ ಸಾಧ್ಯವಾಗಿದ್ದು ನಿಮ್ಮ ಪತ್ರದಿಂದ. ಸ್ಟಾರ್-ಡೆಲ್ಟಾ, ನೇಮ್‌ಪ್ಲೇಟ್ 40, ರಿಲೇ 40, ಲಾಗ್‌ಬುಕ್ಕಿನ 52, ಒಂದೇ ಸಮ ಕಪ್ಪು. ನನಗೆ ಬರೆಯುವಾಗ ಐದೂ ಸಂಗತಿ ಬರೆದಿರಿ, ಅದೂ ನಾಲ್ಕು ಸಾಲಿನಲ್ಲಿ. ಮ್ಯಾನೇಜರ್‌ಗೆ ಬರೆದ ವರದಿಯಲ್ಲಿ ಒಂದೂ ಇಲ್ಲ. ಹಾಗಾದರೆ ನಿಮಗೆ ಬರೆಯೋಕೆ ಬರುತ್ತದೆ ಅಲ್ವಾ? 'ವರದಿ' ಅಂದ ಕೂಡಲೇ ಕೈ ಬದಲಾಗುತ್ತದೆ, ಅಷ್ಟೇ.

ಇಂಗ್ಲಿಷಿನ ಮೇಲೆ ಗೂಬೆ ಕೂರಿಸಬೇಡಿ

ಮೂವತ್ತು ವರ್ಷ ಟೆಸ್ಟಿಂಗ್ ಕೆಲಸ ಮಾಡಿದ್ದೇನೆ. ಒಳ್ಳೇ ಇಂಗ್ಲಿಷಿನ ಕೆಟ್ಟ ವರದಿಗಳನ್ನು ರಾಶಿಗಟ್ಟಲೆ ಓದಿದ್ದೇನೆ. ಹರಕು ಮುರುಕು ಇಂಗ್ಲಿಷಿನ, ಆದರೆ ಕಣ್ಣಿಗೆ ಕಟ್ಟುವಂಥ ವರದಿಗಳನ್ನೂ ಓದಿದ್ದೇನೆ. ಇಂಗ್ಲಿಷ್ ಕೋರ್ಸ್ ಸೇರಿದರೆ ನಷ್ಟವೇನಿಲ್ಲ. ಆದರೆ ಈ ವರದಿ ಅದರಿಂದ ಸರಿಯಾಗುತ್ತಿರಲಿಲ್ಲ. 'ಅಗತ್ಯ ಕ್ರಮ ಕೈಗೊಳ್ಳಲಾಗಿದೆ' ಅನ್ನುವುದನ್ನು ಯಾವ ಭಾಷೆಯಲ್ಲಿ ಬರೆದರೂ ಅದು ಏನನ್ನೂ ಹೇಳುವುದಿಲ್ಲ. ಯಾವ ಕ್ರಮ? ಯಾರು ಕೈಗೊಂಡರು? ಯಾವಾಗ?

ಈ ಅಭ್ಯಾಸ ಎಲ್ಲಿಂದ ಬಂತು ಅಂತ ನನ್ನ ಊಹೆ ಹೇಳುತ್ತೇನೆ. ಕಾಲೇಜಿನ ಲ್ಯಾಬ್ ರೆಕಾರ್ಡ್. ಏಮ್, ಅಪರೇಟಸ್, ಥಿಯರಿ, ಪ್ರೊಸೀಜರ್, ಕೊನೆಗೆ ರಿಸಲ್ಟ್. ಉತ್ತರ ಮೊದಲೇ ಗೊತ್ತಿರುವ ಪ್ರಯೋಗಕ್ಕೆ, ಮಾರ್ಕ್ಸ್ ಕೊಡುವ ಮೇಷ್ಟ್ರಿಗೆ ಬರೆದದ್ದು ಅದು. ಅವರು ಕೊನೆಯವರೆಗೂ ಓದುತ್ತಾರೆ, ಓದಲೇಬೇಕು. ನಿಮ್ಮ ಮ್ಯಾನೇಜರ್‌ಗೆ ಹಾಗಿಲ್ಲ. ಎರಡು ಮೀಟಿಂಗ್ ನಡುವೆ ಮೂರು ನಿಮಿಷ ಸಿಗುತ್ತದೆ. ಅವರಿಗೆ ಬೇಕಾದದ್ದು ಏನಾಯ್ತು, ಮತ್ತೆ ಆಗುತ್ತಾ, ಏನು ಮಾಡಬೇಕು, ಎಷ್ಟು ಖರ್ಚು. ನಾಲ್ಕನೇ ಪುಟದಲ್ಲಿ ಕಾರಣ ಇಟ್ಟರೆ ಅಲ್ಲಿಯ ತನಕ ಯಾರು ಹೋಗುತ್ತಾರೆ? ನಾನು ಈ ಉತ್ತರವನ್ನು ರಿಲೇಯಿಂದ ಶುರು ಮಾಡಿದ್ದೂ ಅದಕ್ಕೇ.

ಇನ್ನೊಂದು ಕಾರಣ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಭಯ. ಬರೆದದ್ದು ದಾಖಲೆಯಾಗುತ್ತದೆ. ರಿಲೇ ಸೆಟ್ ಮಾಡಿದವರು ಯಾರು ಅಂತ ನಾಳೆ ಕೇಳುತ್ತಾರೆ. ಆಗ ಕೈ ತಾನಾಗಿ 'ಓವರ್‌ಲೋಡ್' ಅಂತ ಬರೆಯುತ್ತದೆ. ಓವರ್‌ಲೋಡ್‌ಗೆ ಹೆಸರಿಲ್ಲ, ಹಾಜರಿ ನಂಬರಿಲ್ಲ.

ನಾನಾಗಿದ್ದರೆ ಆ ವರದಿಯನ್ನು ಹೀಗೆ ಬರೆಯುತ್ತಿದ್ದೆ. ರಿಲೇಯ ಜಾಗ ನೋಡಿ ಖಾತ್ರಿಯಾದ ಮೇಲೆ:

> ಕಂಪ್ರೆಸರ್ ಮೋಟರ್ (30 ಎಚ್‌ಪಿ, 415 ವೋಲ್ಟ್, 40 ಆಂಪಿಯರ್, ಸ್ಟಾರ್-ಡೆಲ್ಟಾ) ಸುಟ್ಟಿದೆ. ಓವರ್‌ಲೋಡ್ ರಿಲೇ ಸೆಟ್ಟಿಂಗ್ ಜಾಸ್ತಿ ಇದ್ದುದರಿಂದ ರಕ್ಷಣೆ ಸಿಕ್ಕಿಲ್ಲ. ರಿಲೇ ಸರಿಪಡಿಸದೆ ಚಾಲೂ ಮಾಡಿದರೆ ಮತ್ತೆ ಸುಡಬಹುದು. ಇಂಥದೇ ಸ್ಟಾರ್ಟರ್ ಇರುವ ಉಳಿದ ಮೋಟರ್‌ಗಳನ್ನು ಈ ವಾರ ಪರೀಕ್ಷಿಸಲು ಅನುಮತಿ ಬೇಕು.
>
> ನೋಡಿದ್ದು: ರಿಲೇ ಮೇನ್ ಕಾಂಟ್ಯಾಕ್ಟರ್ ಕೆಳಗೆ ವೈಂಡಿಂಗ್ ದಾರಿಯಲ್ಲಿದೆ, ಸೆಟ್ಟಿಂಗ್ 40 ಆಂಪಿಯರ್. ಲಾಗ್‌ಬುಕ್ ಪ್ರಕಾರ ಹಿಂದಿನ ಎರಡು ದಿನ ಲೈನ್ ಕರೆಂಟ್ 52 ಆಂಪಿಯರ್ (ಪ್ಯಾನೆಲ್ ಮೀಟರ್). ಮೂರೂ ಫೇಸಿನ ವೈಂಡಿಂಗ್ ಒಂದೇ ಸಮ ಕಪ್ಪಾಗಿದೆ, ಫೋಟೋ ಇದೆ.
>
> ಇದರಿಂದ ತಿಳಿದದ್ದು: 52 ಆಂಪಿಯರ್‌ನಲ್ಲಿ ರಿಲೇ ಮೂಲಕ ಹೋದದ್ದು 30. ಹಾಗಾಗಿ ಟ್ರಿಪ್ ಆಗಿಲ್ಲ. ಸರಿಯಾದ ಸೆಟ್ಟಿಂಗ್ 23.
>
> ಇನ್ನೂ ಗೊತ್ತಿಲ್ಲದ್ದು: ಕರೆಂಟ್ 52ಕ್ಕೆ ಏರಿದ್ದು ಯಾಕೆ. ಆ ಹೊತ್ತಿನ ವೋಲ್ಟೇಜ್ ಬರೆದಿಟ್ಟಿಲ್ಲ. ಕಂಪ್ರೆಸರ್ ಕಡೆಯಿಂದ ಪರೀಕ್ಷೆ ಆಗಬೇಕು.

ಇದನ್ನು ನಿಮಗೆ ಬರುವ ಇಂಗ್ಲಿಷಿಗೆ ಇಳಿಸಿಕೊಳ್ಳಿ. ಅರ್ಧ ಪುಟ ದಾಟಲ್ಲ. 'ನೋಡಿದ್ದು' ಮತ್ತು 'ತಿಳಿದದ್ದು' ಬೇರೆ ಬೇರೆ ಇರಲಿ, ಇದೊಂದನ್ನು ಮಾತ್ರ ಬಿಡಬೇಡಿ. ನಿಮ್ಮ ತೀರ್ಮಾನ ನಾಳೆ ತಪ್ಪಾದರೂ ನೀವು ನೋಡಿದ್ದು ತಪ್ಪಾಗುವುದಿಲ್ಲ. ಇನ್ನೊಬ್ಬರು ಅದರ ಮೇಲೆ ಬೇರೆ ತೀರ್ಮಾನ ಕಟ್ಟಬಹುದು.

'ಒಂದೇ ಸಮ ಕಪ್ಪು' ಅಂತ ಬರೆದಿರಲ್ಲ, ಅದು ಸಣ್ಣ ಮಾತಲ್ಲ. ಡೆಲ್ಟಾದಲ್ಲಿ ಓಡುವ ಮೋಟರಿಗೆ ಒಂದು ಫೇಸ್ ಹೋಗಿದ್ದರೆ ಒಂದು ಫೇಸಿನ ಕಾಯಿಲ್‌ಗಳು ಹೆಚ್ಚು ಸುಟ್ಟು, ಉಳಿದವು ಸುಮಾರಾಗಿ ಉಳಿದಿರುತ್ತವೆ. ಸ್ಟಾರ್‌ನಲ್ಲಿ ಓಡುವ ಮೋಟರ್ ಆದರೆ ಎರಡು ಫೇಸ್ ಸುಟ್ಟು ಒಂದು ಉಳಿಯುತ್ತದೆ. ಮೂರೂ ಸಮವಾಗಿ ಸುಟ್ಟಿದ್ದರೆ ಓವರ್‌ಲೋಡ್ ಕಡೆಗೆ, ಗಾಳಿ ಆಡದೆ ಕಾದದ್ದರ ಕಡೆಗೆ ಬೆರಳು ತೋರಿಸುತ್ತದೆ. ಕರಿಬಣ್ಣದಲ್ಲೇ ಅರ್ಧ ಕಥೆ ಇರುತ್ತದೆ. ಅದಕ್ಕೇ ಮೋಟರ್ ವೈಂಡಿಂಗ್ ಅಂಗಡಿಗೆ ಹೋಗುವ ಮುಂಚೆ ಎರಡೂ ಬದಿಯ ಕವರ್ ತೆಗೆದು ಫೋಟೋ ಹೊಡೆದಿಡಿ. ಅಲ್ಲಿ ಹೋದ ಮೇಲೆ ಹಳೇ ತಾಮ್ರ ಗುಜರಿಗೆ ತೂಕಕ್ಕೆ ಹೋಗುತ್ತದೆ, ಅದರ ಜೊತೆ ನಿಮ್ಮ ಸಾಕ್ಷಿಯೂ.

ಇನ್ನು ಎಐ ಬರೆದ ನಾಲ್ಕು ಪುಟ. ನಾನು ಅದನ್ನು ನೋಡಿಲ್ಲ, ಆದರೆ ಊಹಿಸಬಲ್ಲೆ. ಮೋಟರ್ ಯಾಕೆ ಸುಡುತ್ತದೆ ಅನ್ನುವುದಕ್ಕೆ ಎಂಟು ಕಾರಣ ಇದ್ದಿರಬೇಕು: ತೇವ, ಬೇರಿಂಗ್, ಹಾರ್ಮೋನಿಕ್ಸ್, ಹೀಗೆ. ಅದರಲ್ಲಿ ನೀವು ಕಣ್ಣಾರೆ ನೋಡಿದ್ದು ಎಷ್ಟು? ಆ ಯಂತ್ರವನ್ನು ಬಯ್ಯುತ್ತಿಲ್ಲ. ನೀವು ಬರೆದ ಸಾಲುಗಳ ವ್ಯಾಕರಣ ತಿದ್ದಿಸಿಕೊಳ್ಳಿ, ಬೇಡ ಅನ್ನಲ್ಲ. ಆದರೆ ತಿದ್ದಿ ಬಂದದ್ದನ್ನು ಮೂಲದ ಪಕ್ಕ ಇಟ್ಟು ಓದಿ. 'ಇರಬಹುದು' ಅಂತ ನೀವು ಬರೆದದ್ದು 'ಇದೆ' ಅಂತ ಆಗಿರುವ ಅಪಾಯ ಉಂಟು. ಇನ್ನು ಅಂಕಿಗಳನ್ನು ಅದರ ಕೈಗೆ ಕೊಡಲೇಬೇಡಿ. ಹಳೇ ವರದಿಯನ್ನು ನಕಲು ಮಾಡಿ ಹೆಸರು ಬದಲಿಸುವುದಕ್ಕೂ ಇದೇ ಮಾತು. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಒಂದು ಟ್ರಾನ್ಸ್‌ಫಾರ್ಮರ್ ಟೆಸ್ಟ್ ರಿಪೋರ್ಟನ್ನು ಹೀಗೇ ಮಾಡಿದ್ದೆ. ಎಲ್ಲ ಬದಲಿಸಿದೆ, ಸೀರಿಯಲ್ ನಂಬರ್ ಒಂದನ್ನು ಬಿಟ್ಟೆ. ಗಿರಾಕಿ ಫೋನ್ ಮಾಡಿ, 'ಸ್ವಾಮಿ, ಇದು ನಮ್ಮ ಟಿಸಿ ಅಲ್ಲ' ಅಂದರು. ಟೆಸ್ಟ್ ನಿಜವಾಗಿಯೂ ಮಾಡಿದ್ದೆ. ನಂಬುವವರು ಯಾರು? ಮತ್ತೊಮ್ಮೆ ಕಿಟ್ ಹೊತ್ತುಕೊಂಡು ಹೋಗಿ ಪೂರ್ತಿ ಟೆಸ್ಟ್ ಮಾಡಿಕೊಟ್ಟು ಬಂದೆ.

ಅಂಕಿಗೆ ಬಾಲ ಇರಬೇಕು

ನಮ್ಮ ಟೆಸ್ಟಿಂಗ್ ಗ್ಯಾಂಗಿನಲ್ಲಿ ಒಂದು ಮಾತಿತ್ತು: 'ಅಂಕಿ ಹೇಳಿದೆ, ಬಾಲ ಎಲ್ಲಿ?' ಎಷ್ಟು ವೋಲ್ಟ್ ಹಾಕಿ ಅಳೆದದ್ದು, ಎಷ್ಟು ಬಿಸಿಯಲ್ಲಿ, ಯಾವ ಮೀಟರಿನಲ್ಲಿ, ಎಷ್ಟು ಹೊತ್ತು. ಇದೇ ಬಾಲ. ನಿಮ್ಮ ಮೋಟರ್ ಸುಟ್ಟದ್ದೂ ಬಾಲ ತಪ್ಪಿದ್ದರಿಂದಲೇ. 40ರ ಹಿಂದೆ 'ಲೈನ್ ಕರೆಂಟ್' ಅನ್ನುವ ಬಾಲ ಇತ್ತು. ರಿಲೇ ಸೆಟ್ ಮಾಡಿದವರು ಅದನ್ನು ಕತ್ತರಿಸಿ ಬರೀ 40 ಇಟ್ಟರು.

ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ರೀಡಿಂಗ್ ತೆಗೆದುಕೊಳ್ಳಿ. ಹೋದ ಡಿಸೆಂಬರಿನ ಬೆಳಗ್ಗೆ ಒಂದು ಮೋಟರ್ 200 ಮೆಗಾಓಮ್ ತೋರಿಸಿತ್ತು. ಈ ಸಲ ಏಪ್ರಿಲ್ ಮಧ್ಯಾಹ್ನ 50. ಲಾಗ್‌ಬುಕ್ಕಿನಲ್ಲಿ ಬರೀ ಈ ಎರಡು ಅಂಕಿ ಇದ್ದರೆ ಎದೆ ಧಸಕ್ ಅನ್ನುತ್ತದೆ. ಮುಕ್ಕಾಲು ಭಾಗ ಇನ್ಸುಲೇಷನ್ ಹೋಯ್ತು! ಆದರೆ ಡಿಸೆಂಬರಿನಲ್ಲಿ ವೈಂಡಿಂಗ್ 20 ಡಿಗ್ರಿ, ಏಪ್ರಿಲ್‌ನಲ್ಲಿ 40 ಡಿಗ್ರಿ ಅಂತ ಬರೆದಿದ್ದರೆ? ಉಷ್ಣತೆ 10 ಡಿಗ್ರಿ ಏರಿದಾಗ ಇನ್ಸುಲೇಷನ್ ರೆಸಿಸ್ಟೆನ್ಸ್ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಹಳೇ ಅಂದಾಜು. 200 ಇದ್ದದ್ದು 30 ಡಿಗ್ರಿಯಲ್ಲಿ 100, 40 ಡಿಗ್ರಿಯಲ್ಲಿ 50. ಮೋಟರಿಗೆ ಏನೂ ಆಗಿಲ್ಲ. ಬಿಸಿಲು ಬಂದಿದೆ, ಅಷ್ಟೇ. ಮೋಟರ್, ಜನರೇಟರ್ ವೈಂಡಿಂಗ್‌ಗಳ ಇನ್ಸುಲೇಷನ್ ಪರೀಕ್ಷೆಗೆ ಇರುವ ಐಇಇಇ 43 ಮಾನಕ ರೀಡಿಂಗನ್ನೆಲ್ಲ 40 ಡಿಗ್ರಿಗೆ ತಂದು ಹೋಲಿಸಿ ಅನ್ನುವುದು ಇದಕ್ಕೇ.

ಘಟಕದ ಅಕ್ಷರವೂ ಬಾಲವೇ. ಇಂಗ್ಲಿಷಿನಲ್ಲಿ ಬರೆಯುವಾಗ ಸಣ್ಣ ಎಂ ಅಂದರೆ ಮಿಲಿ, ದೊಡ್ಡ ಎಂ ಅಂದರೆ ಮೆಗಾ. ಎರಡಕ್ಕೂ ನಡುವೆ ನೂರು ಕೋಟಿ ಪಟ್ಟು ವ್ಯತ್ಯಾಸ. ಬ್ರೇಕರ್ ಕಾಂಟ್ಯಾಕ್ಟಿನ ರೆಸಿಸ್ಟೆನ್ಸನ್ನು ಮೆಗಾಓಮ್ ಅಂತ ಟೈಪ್ ಮಾಡಿ ಕಳಿಸಿದವರನ್ನು ನೋಡಿದ್ದೇನೆ. ತಿಳಿದವರು ನಕ್ಕು ತಿದ್ದಿಕೊಳ್ಳುತ್ತಾರೆ, ಆದರೆ ಆ ವರದಿಯ ಉಳಿದ ಅಂಕಿಗಳ ಮೇಲೂ ಅನುಮಾನ ಶುರುವಾಗುತ್ತದೆ. ಕಿಲೋದ ಕೆ ಸಣ್ಣದು, ವೋಲ್ಟಿನ ವಿ ದೊಡ್ಡದು, ಅಂಕಿಗೂ ಘಟಕಕ್ಕೂ ನಡುವೆ ಒಂದು ಜಾಗ. ಇಷ್ಟು ಸಾಕು.

ಸಮಯದ ಬಾಲವನ್ನಂತೂ ಎಲ್ಲರೂ ಮರೆಯುತ್ತಾರೆ. ರಿಲೇಯ ಗಡಿಯಾರ ನಾಲ್ಕು ನಿಮಿಷ ಹಿಂದಿರುತ್ತದೆ, ಆಪರೇಟರ್ ತನ್ನ ಮೊಬೈಲ್ ನೋಡಿ ಬರೆದಿರುತ್ತಾನೆ. ಯಾವುದು ಮೊದಲು ಟ್ರಿಪ್ ಆಯ್ತು ಅಂತ ಆಮೇಲೆ ಪಂಚಾಯ್ತಿ. 'ರಿಲೇ ಗಡಿಯಾರದಲ್ಲಿ 14:32, ಆಗ ಮೊಬೈಲಿನಲ್ಲಿ 14:36' ಅಂತ ಬರೆದಿಟ್ಟರೆ ಪಂಚಾಯ್ತಿಯೇ ಇಲ್ಲ. ರಿಲೇಯ ಫ್ಲ್ಯಾಗ್ (ಟ್ರಿಪ್ ಆದದ್ದನ್ನು ತೋರಿಸುವ ಗುರುತು) ರೀಸೆಟ್ ಮಾಡುವ ಮುಂಚೆ ಫೋಟೋ, ಇದು ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಒಂದೊಂದು ಕಡೆ ಒಂದೊಂದು ಅಂಕಿ ಯಾಕೆ?

ಮೊಬೈಲಿನಲ್ಲಿ ಸಿಕ್ಕಿದ ಟೇಬಲ್‌ಗಳೆಲ್ಲ ಸುಳ್ಳು ಅಂತ ಜನ ಹೇಳುತ್ತಾರೆ. ಹೆಚ್ಚಿನವು ಸುಳ್ಳಲ್ಲ. ಬೇರೆ ಊರಿನ ಸತ್ಯ. ಕೇಬಲ್ ಟೇಬಲನ್ನೇ ನೋಡಿ. ಯೂರೋಪಿನ ಕಡೆ ಬಳಸುವ ಐಇಸಿ (ಅಂತರರಾಷ್ಟ್ರೀಯ ವಿದ್ಯುತ್ ಮಾನಕ ಸಂಸ್ಥೆ) ಟೇಬಲ್‌ಗಳು ಗಾಳಿ 30 ಡಿಗ್ರಿ, ನೆಲ 20 ಡಿಗ್ರಿ ಅಂತ ಹಿಡಿದು ಮಾಡಿದವು. ನಮ್ಮ ಕೇಬಲ್ ಕಂಪನಿಗಳ ಕ್ಯಾಟಲಾಗ್ ಸಾಮಾನ್ಯವಾಗಿ ಗಾಳಿ 40, ನೆಲ 30 ಹಿಡಿಯುತ್ತದೆ. ಪಿವಿಸಿ ಕೇಬಲ್‌ಗೆ 30 ಡಿಗ್ರಿಯಲ್ಲಿ 100 ಆಂಪಿಯರ್ ಅಂತಿದ್ದರೆ 40 ಡಿಗ್ರಿಯಲ್ಲಿ ಅದು 87, 50 ಡಿಗ್ರಿಯಲ್ಲಿ 71. ರಾಯಚೂರಿನ ಬೇಸಿಗೆಯಲ್ಲಿ, ತಗಡಿನ ಶೀಟಿನ ಕೆಳಗೆ, ಕೇಬಲ್ ಟ್ರೇ ಮೇಲೆ 50 ಡಿಗ್ರಿ ದೊಡ್ಡ ಮಾತಲ್ಲ. ಅದೇ ಟ್ರೇಯಲ್ಲಿ ಆರು ಕೇಬಲ್ ಒಂದಕ್ಕೊಂದು ಅಂಟಿಕೊಂಡಿದ್ದರೆ ಇನ್ನೂ ಇಳಿಯುತ್ತದೆ. ಟೇಬಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇದೆಲ್ಲ ಬರೆದಿರುತ್ತದೆ. ನಾವು ಸ್ಕ್ರೀನ್‌ಶಾಟ್ ತೆಗೆಯುವಾಗ ಸರಿಯಾಗಿ ಅದನ್ನೇ ಕ್ರಾಪ್ ಮಾಡುತ್ತೇವೆ!

ಅಮೆರಿಕದ ಟೇಬಲ್‌ಗಳ ತಂಟೆ ಇನ್ನೂ ಜಾಸ್ತಿ. 'ಎನ್‌ಇಸಿ' ಅಂತ ಹುಡುಕಿದರೆ ಮೊದಲು ಸಿಗುವುದು ಅವರ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್. ನಮ್ಮದೂ ಅದೇ ಹೆಸರು, ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಆಫ್ ಇಂಡಿಯಾ, ಬಿಐಎಸ್‌ನ (ಭಾರತೀಯ ಮಾನಕ ಬ್ಯೂರೋ) ಎಸ್‌ಪಿ 30. ಎರಡೂ ಬೇರೆ ಬೇರೆ. ಅಲ್ಲಿಯ ಗೇಜ್ ಕೂಡ ಬೇರೆ. ಅಮೆರಿಕದ 10 ಗೇಜ್ ತಂತಿ 5.26 ಚದರ ಮಿಲಿಮೀಟರ್. ನಮ್ಮ ವೈಂಡಿಂಗ್ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಎಸ್‌ಡಬ್ಲ್ಯೂಜಿ (ಬ್ರಿಟಿಷ್ ಗೇಜ್) ಲೆಕ್ಕದಲ್ಲಿ 10 ಗೇಜ್ ಅಂದರೆ ಸುಮಾರು 8.3. 'ಹತ್ತು ಗೇಜ್' ಅಂತ ಎಲ್ಲೇ ಓದಿದರೂ ಯಾವ ಗೇಜ್ ಅಂತ ಕೇಳಿಕೊಳ್ಳಿ. ಬಣ್ಣದ ವಿಷಯ ಜೀವಕ್ಕೇ ಸಂಬಂಧಿಸಿದ್ದು. ನಮ್ಮ ಹಳೇ ಪ್ಯಾನೆಲ್‌ಗಳಲ್ಲಿ ನೀಲಿ ಅಂದರೆ ಬಿ ಫೇಸ್, ಕರೆಂಟ್ ಇರುವ ಮೂರು ತಂತಿಗಳಲ್ಲಿ ಒಂದು. ಯೂರೋಪಿನಿಂದ ಬಂದ ಮೆಷಿನ್‌ನಲ್ಲಿ ನೀಲಿ ಅಂದರೆ ನ್ಯೂಟ್ರಲ್. ವರದಿಯಲ್ಲಾಗಲಿ ಡ್ರಾಯಿಂಗಿನಲ್ಲಾಗಲಿ 'ನೀಲಿ ವೈರ್' ಅಂತ ಬರೆದು ಬಿಡಬೇಡಿ, ಟರ್ಮಿನಲ್ ನಂಬರ್ ಬರೆಯಿರಿ. ಮುಟ್ಟುವ ಮುಂಚೆ ಟೆಸ್ಟರ್ ಇಟ್ಟು ನೋಡುವುದು ಇದ್ದೇ ಇದೆ.

ಅರ್ಥಿಂಗ್ ಪಟ್ಟಿಯ ಅಂಕಿ ಇನ್ನೊಂದು ಬಲೆ. ಅರ್ಥಿಂಗಿನ ಭಾರತೀಯ ಮಾನಕ ಐಎಸ್ 3043ರಲ್ಲಿ ಪಟ್ಟಿಯ ಸೈಜ್ ಲೆಕ್ಕ ಹಾಕಲು ಒಂದು ಗುಣಾಂಕ ಕೊಟ್ಟಿದ್ದಾರೆ. ಒಂದು ಚದರ ಮಿಲಿಮೀಟರ್ ಎಷ್ಟು ಆಂಪಿಯರ್ ತಾಳಿಕೊಳ್ಳುತ್ತದೆ ಅಂತ. ಸ್ಟೀಲಿಗೆ ಒಂದು ಸೆಕೆಂಡಿಗೆ 80, ಮೂರು ಸೆಕೆಂಡಿಗೆ 46. ಬರಿಯ ತಾಮ್ರಕ್ಕೆ 205 ಮತ್ತು 118. ಒಬ್ಬರು 80 ಅನ್ನುತ್ತಾರೆ, ಇನ್ನೊಬ್ಬರು 46 ಅನ್ನುತ್ತಾರೆ, ಇಬ್ಬರೂ ಸರಿ. 13,300 ಆಂಪಿಯರ್ ಫಾಲ್ಟಿಗೆ (ಶಾರ್ಟ್ ಸರ್ಕ್ಯೂಟ್ ಕರೆಂಟಿಗೆ) ಒಂದರ ಲೆಕ್ಕದಲ್ಲಿ ಸುಮಾರು 166 ಚದರ ಮಿಲಿಮೀಟರ್ ಸಾಕು, ಇನ್ನೊಂದರಲ್ಲಿ 289 ಬೇಕು. ತುಕ್ಕಿಗೆ ಅಂತ ಸೇರಿಸುವುದು ಬೇರೆ. ನಿಮ್ಮ ಬ್ರೇಕರ್ ಎಷ್ಟು ಹೊತ್ತಿನಲ್ಲಿ ಬಿಡಿಸುತ್ತದೆ, ಎಷ್ಟು ಸೆಕೆಂಡ್ ಹಿಡಿದು ಡಿಸೈನ್ ಮಾಡಬೇಕು ಅಂತ ನಿಮ್ಮ ಕಂಪನಿಯ ನಿಯಮ ಹೇಳುತ್ತದೆ ಅನ್ನುವುದು ಗೊತ್ತಿಲ್ಲದೆ ಯಾವ ಅಂಕಿಯನ್ನೂ ಆರಿಸಲು ಬರುವುದಿಲ್ಲ.

ಹಾಗಾದರೆ ಯಾವುದನ್ನು ನಂಬುವುದು? ನನ್ನ ಕ್ರಮ ಇದು. ಮೊದಲು ಕಣ್ಣೆದುರಿಗಿರುವ ನೇಮ್‌ಪ್ಲೇಟು. ಆಮೇಲೆ ಆ ಸಾಮಾನು ಮಾಡಿದವರ ಕ್ಯಾಟಲಾಗು. ಆಮೇಲೆ ಐಎಸ್ ಮಾನಕ. ಹೆಚ್ಚಿನ ಭಾರತೀಯ ಮಾನಕಗಳನ್ನು ಬಿಐಎಸ್ ಜಾಲತಾಣದಲ್ಲಿ ನೋಂದಾಯಿಸಿಕೊಂಡು ಪುಕ್ಕಟೆ ಇಳಿಸಿಕೊಳ್ಳಬಹುದು, ಈ ವಿಷಯ ತುಂಬಾ ಜನರಿಗೆ ಗೊತ್ತೇ ಇಲ್ಲ. ವೈರಿಂಗಿಗೆ ಐಎಸ್ 732, ಅರ್ಥಿಂಗಿಗೆ 3043, ಇವೆರಡು ಮೊದಲು ಇರಲಿ. ಇಸವಿ ನೋಡಿಕೊಳ್ಳಿ. 3043ರ ಹಿಂದಿನ ಆವೃತ್ತಿ 1987ರದ್ದು, 2018ರಲ್ಲಿ ಪರಿಷ್ಕರಣೆ ಆಗಿದೆ. '1956ರ ಎಲೆಕ್ಟ್ರಿಸಿಟಿ ರೂಲ್ಸ್ ಪ್ರಕಾರ' ಅಂತ ಈಗಲೂ ಬರೆಯುವವರಿದ್ದಾರೆ. ಅದರ ಜಾಗಕ್ಕೆ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಂದವು, ಅದರ ಜಾಗಕ್ಕೆ 2023ರ ನಿಯಮಗಳು ಬಂದಿವೆ. ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟಿಗೆ ಹೋಗುವ ಕಾಗದದಲ್ಲಿ 1956 ಅಂತ ಬರೆದರೆ, ಓದುವವರಿಗೆ ನೀವು ಎಷ್ಟು ವರ್ಷದಿಂದ ಪುಸ್ತಕ ತೆಗೆದಿಲ್ಲ ಅಂತ ಗೊತ್ತಾಗುತ್ತದೆ.

ಡೈರಿ ಇಡಿ, ಆದರೆ

ಡೈರಿ ಇಡಬೇಕಾ ಅಂದರೆ, ಹೌದು. ಮೊಬೈಲಿನಲ್ಲಿ ಪಿಡಿಎಫ್ ಇಟ್ಟುಕೊಂಡರೂ ನಡೆಯುತ್ತದೆ, ಆದರೆ ಕೈಗೆ ಗ್ಲೌಸ್ ಹಾಕಿ ಪ್ಯಾನೆಲ್ ಮುಂದೆ ನಿಂತಾಗ 300 ಪುಟದ ಪಿಡಿಎಫ್ ಕೆಲಸಕ್ಕೆ ಬರಲ್ಲ. ಎಕ್ಸೆಲ್ ಶೀಟ್ ಲೆಕ್ಕಕ್ಕೆ ಒಳ್ಳೆಯದು. ಅದರ ಅಪಾಯ ಬೇರೆ. ಯಾರೋ ಮಾಡಿದ ಶೀಟಿನಲ್ಲಿ ಒಂದು ಸೆಲ್ಲಿನ ಒಳಗೆ 0.8 ಪವರ್ ಫ್ಯಾಕ್ಟರ್ ಕೂತಿರುತ್ತದೆ, ನಿಮಗೆ ಕಾಣಿಸುವುದೇ ಇಲ್ಲ.

ಡೈರಿಯಲ್ಲಿ ಅಂದಾಜಿನ ಲೆಕ್ಕಗಳಿಗೆ ಬೇರೆ ಪುಟ ಇಡಿ. ಅವನ್ನು ಹಗುರವಾಗಿ ನೋಡುವ ಎಂಜಿನಿಯರುಗಳಿದ್ದಾರೆ. ಸುಮ್ನೆ ಜಂಬ. ಒಂದು ತೋರಿಸುತ್ತೇನೆ. ನಮ್ಮ ವಿತರಣಾ ಟ್ರಾನ್ಸ್‌ಫಾರ್ಮರ್‌ಗಳ ನೇಮ್‌ಪ್ಲೇಟಿನಲ್ಲಿ ಎಲ್‌ಟಿ (ಕಡಿಮೆ ವೋಲ್ಟೇಜ್) ಕಡೆ 433 ವೋಲ್ಟ್ ಇರುತ್ತದೆ. 433ನ್ನು 1.732ರಿಂದ ಗುಣಿಸಿದರೆ 750. ಹಾಗಾಗಿ ಕೆವಿಎಯನ್ನು (ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ) ಮುಕ್ಕಾಲಿನಿಂದ ಭಾಗಿಸಿದರೆ ಆಂಪಿಯರ್ ಬಂತು. ಬಾಯಿಲೆಕ್ಕದಲ್ಲಿ, ಕೆವಿಎಗೆ ಅದರ ಮೂರನೇ ಒಂದು ಭಾಗ ಸೇರಿಸಿ. 100ಕ್ಕೆ 133, 250ಕ್ಕೆ 333, 500ಕ್ಕೆ 667. ಇಂಪೀಡೆನ್ಸ್ 5% ಅಂತಿದ್ದರೆ ಆ 667ನ್ನು 20ರಿಂದ (100 ಭಾಗಿಸು 5) ಗುಣಿಸಿ, ಟರ್ಮಿನಲ್ ಹತ್ತಿರದ ಫಾಲ್ಟ್ ಕರೆಂಟ್ ಸುಮಾರು 13,300. ಮೇಲೆ ಹೇಳಿದ ಅಂಕಿ ಅಲ್ಲಿಂದಲೇ ಬಂದದ್ದು. 11 ಕೆವಿ ಕಡೆ ಕೆವಿಎಯನ್ನು 19ರಿಂದ ಭಾಗಿಸಿ, 500ಕ್ಕೆ 26. ಮೂರು ಫೇಸಿನ 415 ವೋಲ್ಟ್ ಮೋಟರಿಗೆ ಎಚ್‌ಪಿಗೆ 1.4 ಆಂಪಿಯರ್ ಹಿಡಿಯಿರಿ, 10 ಎಚ್‌ಪಿಗೆ 14. ನಿಮ್ಮ 30 ಎಚ್‌ಪಿಗೆ 42 ಬರುತ್ತದೆ, ನೇಮ್‌ಪ್ಲೇಟ್ 40 ಅನ್ನುತ್ತದೆ, ಸರಿಹೋಯ್ತು. ತೀರಾ ಸಣ್ಣ ಮೋಟರಿಗೆ, ನಿಧಾನಕ್ಕೆ ಓಡುವ ಮೋಟರಿಗೆ ಇದು ಹೊಂದಲ್ಲ. ಅದನ್ನೂ ಪಕ್ಕದಲ್ಲೇ ಬರೆದಿಡಿ.

ಈ ಅಂದಾಜುಗಳಿಂದ ಸಾಮಾನು ಆರ್ಡರ್ ಮಾಡಬೇಡಿ. ಕ್ಯಾಲ್ಕುಲೇಟರಿನಲ್ಲಿ, ಸಾಫ್ಟ್‌ವೇರಿನಲ್ಲಿ ಬಂದ ಉತ್ತರದಲ್ಲಿ ಒಂದು ಸೊನ್ನೆ ಜಾಸ್ತಿ ಬಿದ್ದಿದೆಯಾ ಅಂತ ಹಿಡಿಯಲು ಬಳಸಿ. ನಾನು ಅಂದಾಜನ್ನು ಪೆನ್ಸಿಲಿನಲ್ಲಿ, ನೇಮ್‌ಪ್ಲೇಟ್ ಮತ್ತು ಮಾನಕದ ಅಂಕಿಯನ್ನು ಪೆನ್ನಿನಲ್ಲಿ ಬರೆಯುತ್ತೇನೆ. ನೋಡಿದ ತಕ್ಷಣ ಯಾವ ಜಾತಿಯ ಅಂಕಿ ಅಂತ ಗೊತ್ತಾಗಲಿ ಅಂತ.

ಕನ್ನಡದಲ್ಲಿ ಸೂಚನೆ

ಬರೆಯಿರಿ. ಆಪರೇಟರ್‌ಗೆ ಅರ್ಥವಾಗದ ಸೂಚನೆಯನ್ನು ಗೋಡೆಗೆ ಅಂಟಿಸಿ ಏನು ಪ್ರಯೋಜನ? ಇಂಗ್ಲಿಷ್ ಪ್ರತಿಯೂ ಇರಲಿ, ಆಡಿಟಿನವರಿಗೆ. ನಿಮ್ಮಲ್ಲಿ ಕನ್ನಡ ಬಾರದ ಆಪರೇಟರ್‌ಗಳಿದ್ದರೆ ಅವರ ಭಾಷೆಯದ್ದೂ ಬೇಕು. ಆದರೆ ಕನ್ನಡದಲ್ಲಿ ಬರೆದ ಮಾತ್ರಕ್ಕೆ ಗೊಂದಲ ಹೋಗುತ್ತದೆ ಅಂದುಕೊಳ್ಳಬೇಡಿ. ನಾವು ಆಡುವ ಮಾತಿನಲ್ಲೇ ಮುಳ್ಳುಗಳಿವೆ.

ಒಮ್ಮೆ ಒಂದು ಕಾರ್ಖಾನೆಯಲ್ಲಿ ಹೊಸ ಹೆಲ್ಪರ್ ಹುಡುಗನಿಗೆ ಸೂಪರ್‌ವೈಸರ್ ದೂರದಿಂದ 'ಬ್ರೇಕರ್ ಕ್ಲೋಸ್ ಆಗಿದೆಯಾ?' ಅಂತ ಕೂಗಿ ಕೇಳಿದರು. ಹುಡುಗ ಹಿಂದೆ ಪಂಪ್‌ಹೌಸಿನಲ್ಲಿದ್ದವನು. ವಾಲ್ವ್ ಕ್ಲೋಸ್ ಆದರೆ ನೀರು ನಿಲ್ಲುತ್ತದೆ, ಅಂಗಡಿ ಕ್ಲೋಸ್ ಆದರೆ ವ್ಯಾಪಾರ ನಿಲ್ಲುತ್ತದೆ. ಬ್ರೇಕರ್ ಆಫ್ ಇತ್ತು. ಅವನು 'ಹೂಂ ಸಾರ್, ಕ್ಲೋಸ್' ಅಂದ. ನಮ್ಮ ಎಲೆಕ್ಟ್ರಿಕಲ್ ಭಾಷೆಯಲ್ಲಿ ಬ್ರೇಕರ್ ಕ್ಲೋಸ್ ಅಂದರೆ ಕರೆಂಟ್ ಹರಿಯುತ್ತಿದೆ ಅಂತ. ಆ ಸಲ ಗೊಂದಲದಿಂದ ಅರ್ಧ ಗಂಟೆ ಹಾಳಾಯ್ತು, ಅಷ್ಟೇ. ಉಲ್ಟಾ ಆಗಿದ್ದರೆ, ಬ್ರೇಕರ್ ಆನ್ ಇದ್ದು ಅವನು 'ಓಪನ್' ಅಂದಿದ್ದರೆ, ನಾನು ಈ ಕಥೆಯನ್ನು ಇಷ್ಟು ಹಗುರವಾಗಿ ಹೇಳುತ್ತಿರಲಿಲ್ಲ.

'ತೆಗೆ' ಅನ್ನುವುದೂ ಹಾಗೇ. 'ಸ್ವಿಚ್ ತೆಗೆ' ಅಂದರೆ ಕೆಲವರಿಗೆ ಆಫ್ ಮಾಡು, ಕೆಲವರಿಗೆ ಬಿಚ್ಚು. ಸೂಚನೆಯಲ್ಲಿ 'ಆನ್', 'ಆಫ್' ಎರಡೇ ಪದ ಇಟ್ಟುಕೊಳ್ಳಿ, ಪ್ಯಾನೆಲ್ ಮೇಲೆ ಏನು ಬರೆದಿದೆಯೋ ಅದೇ. ಒಂದು ಸಾಲಿಗೆ ಒಂದೇ ಕೆಲಸ. ಮಾಡಿದ್ದನ್ನು ಖಾತ್ರಿ ಮಾಡಿಕೊಳ್ಳುವುದು ಇನ್ನೊಂದು ಸಾಲು: 'ಫೀಡರ್ 4 ಆಫ್ ಮಾಡಿ. ಹಸಿರು ದೀಪ ಬಂತೇ ನೋಡಿ. ಬೀಗ ಹಾಕಿ, ಕೀಲಿ ಜೇಬಿನಲ್ಲಿಡಿ. ಟೆಸ್ಟರ್ ಇಟ್ಟು ಮೂರೂ ಫೇಸಿನಲ್ಲಿ ಕರೆಂಟ್ ಇಲ್ಲ ಅಂತ ನೋಡಿ.' ಅಪಾಯದ ಮಾತು ಆ ಕೆಲಸದ ಸಾಲಿಗಿಂತ ಮೇಲೆ ಬರಬೇಕು. 'ಕವರ್ ತೆಗೆಯಿರಿ' ಅಂತ ಮೊದಲು ಬರೆದು, ಅದರ ಕೆಳಗೆ 'ಅದಕ್ಕೂ ಮುಂಚೆ ಕೆಪಾಸಿಟರ್ ಡಿಸ್ಚಾರ್ಜ್ ಆಗಲು ಬಿಡಿ' ಅಂತ ಬರೆದವರಿದ್ದಾರೆ. ಬರೆದ ಮೇಲೆ ಆ ಕೆಲಸ ಗೊತ್ತಿಲ್ಲದ ಒಬ್ಬರ ಕೈಗೆ ಕೊಟ್ಟು, ಕರೆಂಟ್ ಇಲ್ಲದ ಪ್ಯಾನೆಲ್ ಮುಂದೆ ನಿಲ್ಲಿಸಿ, ಓದುತ್ತಾ ತೋರಿಸಲು ಹೇಳಿ. ಎಲ್ಲಿ ಅವರ ಬೆರಳು ನಿಲ್ಲುತ್ತದೋ ಆ ಸಾಲು ತಿದ್ದಿ.

ನೀವು ಕೇಳಿಲ್ಲ, ಆದರೂ ಮುಂದೆ ಬರುವ ಪ್ರಶ್ನೆ ಅಂತ ಹೇಳುತ್ತೇನೆ. 'ರಿಲೇ ಗಿಲೇ ಬೇಡ, ವೋಲ್ಟೇಜ್ ಏರುಪೇರು ಅಂತ ಬರೀರಿ' ಅಂತ ಯಾರಾದರೂ ಹೇಳಬಹುದು. ಬರೆದರೆ ಇವತ್ತು ಎಲ್ಲರಿಗೂ ಸಮಾಧಾನ, ಆದರೆ ಉಳಿದ ಮೋಟರ್‌ಗಳ ರಿಲೇ ಹಾಗೇ ಉಳಿಯುತ್ತದೆ, ಮುಂದಿನದು ಸುಟ್ಟಾಗ ಸಹಿ ನಿಮ್ಮದು. ಜಗಳಕ್ಕೆ ನಿಂತರೆ ಕೆಲಸದ ಜಾಗದಲ್ಲಿ ಕಷ್ಟ, ಅದೂ ನಿಜ. ನಾನು ಮಾಡುತ್ತಿದ್ದದ್ದು ಇಷ್ಟು: ಹೆಸರು ಬರೆಯದೆ ಅಂಕಿ ಬರೆಯುವುದು. 'ಸೆಟ್ಟಿಂಗ್ 40 ಇತ್ತು, 23 ಇರಬೇಕು.' ಯಾರು ಇಟ್ಟರು ಅನ್ನುವುದು ಆ ವರದಿಗೆ ಬೇಕಿಲ್ಲ. ಹೆಚ್ಚಿನ ಮ್ಯಾನೇಜರ್‌ಗಳು ಇದನ್ನು ಒಪ್ಪುತ್ತಾರೆ.

ಕೊನೆಗೆ ಫೋರ್‌ಮನ್ ಡೈರಿ. ಅದನ್ನು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಬೇಡಿ. ಅವರ ಅಂಕಿಗಳ ಬಾಲ ಪುಟದಲ್ಲಿಲ್ಲ, ಅವರ ತಲೆಯಲ್ಲಿದೆ. ಶನಿವಾರ ಶಿಫ್ಟ್ ಮುಗಿದ ಮೇಲೆ ಟೀ ಹೇಳಿ, ಒಂದೊಂದು ಪುಟ ಹಿಡಿದು ಕೂರಿ. 'ಈ 63 ಆಂಪಿಯರ್ ಫ್ಯೂಸ್ ಯಾವ ಮೋಟರಿಗೆ ಅಣ್ಣ? ಇದನ್ನು ಯಾಕೆ ಬದಲಿಸಿದ್ರಿ?' ಅಂತ ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಪಕ್ಕದಲ್ಲಿ ಬರೆದುಕೊಳ್ಳಿ, ತಾರೀಖು ಹಾಕಿ. ಎಂಟು ತಿಂಗಳು ಅಂದರೆ ಮೂವತ್ತನಾಲ್ಕು ಶನಿವಾರ. ಡೈರಿ ಎಷ್ಟು ಪುಟ ಇದೆ ಅಂತ ನೀವು ಬರೆದಿಲ್ಲ, ಈ ವಾರವೇ ಶುರು ಮಾಡಿ.